ಕಲ್ಯಾಣಿಯ ಮಡಿನೀರು

ಬಾಣಾವರದ ಶ್ರೀರಂಗಮ್ಮನವರ ಮನೆಯಲ್ಲಿ ಮೊಮ್ಮಗುವಿಗೆ ಮತ್ತೆ ಭೇದಿ. ಎರಡು ವರ್ಷದ ಮಗು ಕೋಮಲ ಅಳುವುದನ್ನೂ ಬಿಟ್ಟು ತಾಯಿ ವೇದವಲ್ಲಿಯ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ಅರಸೀಕೆರೆ ಆಸ್ಪತ್ರೆಯ ಔಷಧಿ ಕುಡಿಸಿದರೆ ನಿಲ್ಲುತ್ತದೆ, ನಾಲ್ಕು ದಿನಕ್ಕೆ ಮತ್ತೆ ಶುರು. ಅತ್ತೆ ಸೊಸೆ ಇಬ್ಬರಿಗೂ ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿತ್ತು.

ಹೆಲ್ತ್ ಇನ್ಸ್‌ಪೆಕ್ಟರ್ ಅನಂತಸ್ವಾಮಿ ಬಂದು ಜಗಲಿಯ ಮೇಲೆ ಕುಸಿದು ಕೂತರು. ನೀರು ಕಾಯಿಸಿ ಕುಡಿಯಿರಿ ಎಂದು ಬೆಳಗಿನಿಂದ ಬೀದಿಬೀದಿಯಲ್ಲಿ ಕೋಣನ ಮುಂದೆ ಕಿನ್ನರಿ ಬಾರಿಸಿ ಅವರಿಗೂ ಸಾಕಾಗಿತ್ತು.

"ಕುಡಿಯೋ ನೀರು ಎಲ್ಲಿಂದ ತರ್ತೀರಮ್ಮ?"

"ಊರ ಬಾವಿಗೆ ನೀವೇ ಬ್ಲೀಚಿಂಗ್ ಪುಡಿ ಸುರಿದು ಕೆಡಿಸಿದೀರಲ್ಲಪ್ಪ. ಆ ನಾತದ ನೀರು ದೇವರಿಗೆ ಇಡಕ್ಕಾಗತ್ಯೇ? ನಾನು ಕಲ್ಯಾಣಿಯಿಂದ ಮಡಿನೀರು ತರ್ತೀನಿ. ನಮ್ಮನೆ ನೀರಿಗೆ ಹೆಸರಿಡಬೇಡಿ."

"ಕಾಯಿಸ್ತೀರಾ?"

"ಮಡಿನೀರನ್ನ ಕಾಯಿಸೋದೇತಕ್ಕೆ?"

ವಾದಿಸಲು ಅನಂತಸ್ವಾಮಿಗೆ ತ್ರಾಣವಿರಲಿಲ್ಲ. "ಬೆಳಿಗ್ಗೆ ಕಲ್ಯಾಣೀಲಿ ಏನೇನು ಮಾಡ್ತೀರಿ, ಅಷ್ಟು ಹೇಳಿ ಸಾಕು" ಎಂದರು.

"ಹೇಳೋದೇನಿದೆ? ಇವಳಿಗೆ ಏಳೋ ಶಕ್ತಿ ಇಲ್ಲ. ರಾತ್ರಿ ಮಗು ಕೆಡಿಸಿದ ಬಟ್ಟೆಯೆಲ್ಲ ನಾನೇ ಒಯ್ತೀನಿ. ಮೈಲಿಗೆ ಕೆಲಸ ಮೊದಲು ಮುಗೀಬೇಕಲ್ಲ, ಬಟ್ಟೆ ಜಾಲಿಸ್ತೀನಿ. ಆಮೇಲೆ ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಕೊಡ ತುಂಬ್ಕೊಂಡು, ಯಾರನ್ನೂ ಮುಟ್ಟದೆ ಬರ್ತೀನಿ."

"ಎಲ್ಲ ಒಂದೇ ಮೆಟ್ಟಿಲಿನಲ್ಲೇನಾ?"

"ಈ ಮೊಣಕಾಲಲ್ಲಿ ಇನ್ನೆಲ್ಲಿಗೆ ಇಳೀಲಿ? ಅದೇ ಮೆಟ್ಟಿಲು." ಹೇಳುತ್ತಲೇ ಅವರ ದನಿ ತಗ್ಗಿತು.

ವೇದವಲ್ಲಿ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮಗುವನ್ನು ಎದೆಗೆ ಅವಚಿಕೊಂಡಳು.

"ಭೇದಿ ತರೋ ಹುಳ ಕಣ್ಣಿಗೆ ಕಾಣಲ್ಲಮ್ಮ" ಎಂದರು ಅನಂತಸ್ವಾಮಿ ಮೆಲ್ಲಗೆ. "ಮಿಂದರೆ ನಿಮ್ಮ ಮೈ ಮಡಿಯಾಗತ್ತೆ. ಬಟ್ಟೆಯಿಂದ ಬಿಟ್ಟ ಹೊಲಸು ನೀರಲ್ಲೇ ಉಳಿಯತ್ತಲ್ಲ."

"ಹಾಗಾದ್ರೆ ಇಷ್ಟು ದಿನ ಕೂಸಿಗೆ ನನ್ನ ಕೈಯಾರೆ ಅದನ್ನೇ ಕುಡಿಸಿದ್ನೇನೋ?" ಶ್ರೀರಂಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ಪಾಪ, ಅಕ್ಕರೆಯಿಂದಲೇ ಕುಡಿಸಿದ್ದರು.

"ಆದದ್ದು ಆಯ್ತು. ಮಗೂನ ಇವತ್ತೇ ಆಸ್ಪತ್ರೆಗೆ ಒಯ್ಯಿರಿ. ದಾರೀಲಿ ಗುಟುಕು ಗುಟುಕಾಗಿ ಎಳನೀರು ಕೊಡ್ತಾ ಇರಿ. ಇನ್ಮೇಲೆ ಬಾವಿ ನೀರೇ ತನ್ನಿ, ಸ್ವಲ್ಪ ಹೊತ್ತು ಇಟ್ರೆ ಪುಡಿ ವಾಸನೆ ಕಮ್ಮಿಯಾಗತ್ತೆ. ಕೊತಕೊತ ಕುದಿಸಿ ಮುಚ್ಚಿಡಿ. ಕೈ ಅದ್ದದೆ ಸೌಟಿನಲ್ಲಿ ತೆಗೀರಿ. ಮಗುವಿನ ಬಟ್ಟೆ ಮಾತ್ರ ಬಾವಿ, ಕಲ್ಯಾಣಿ ಹತ್ರ ಒಯ್ಯಲೇಬೇಡಿ, ಹಿತ್ತಲಲ್ಲೇ ಒಗೆದು ಆ ನೀರನ್ನ ಗುಂಡಿಗೆ ಚೆಲ್ಲಿ."

"ಮಡಿ?"

"ಮಡಿಯುಟ್ಟೇ ಕಾಯಿಸಿ. ಬೇಡ ಅಂದೋರ್ಯಾರು?"

ಆಸ್ಪತ್ರೆಯಿಂದ ಬಂದ ಮೇಲೆ ಕೋಮಲ ನಿಧಾನವಾಗಿ ಚೇತರಿಸಿಕೊಂಡಿತು. ಮುಂಜಾನೆ ಶ್ರೀರಂಗಮ್ಮನವರೇ ನೀರು ಕುದಿಸಿ ಆರಿಸುತ್ತಿದ್ದರು. ಆದರೆ ಮಗುವಿಗೆ ತಾವು ಕುಡಿಸುತ್ತಿರಲಿಲ್ಲ. ಲೋಟವನ್ನು ಸೊಸೆಯ ಬಳಿ ಇಟ್ಟು ಆಚೆ ಹೋಗಿಬಿಡುತ್ತಿದ್ದರು. ಕಡೆಗೆ ಒಂದು ದಿನ ವೇದವಲ್ಲಿಯೇ ಮಗುವನ್ನು ಅವರ ಮಡಿಲಿಗೆ ಹಾಕಿದಳು. "ನೀವೇ ಕುಡಿಸಿ ಅತ್ತೆ. ನಿಮ್ಮ ಕೈಯಿಂದಲೇ ಕುಡೀಬೇಕಂತೆ."

ತಾಯಂದಿರೇ, ಅಜ್ಜಿಯಂದಿರೇ, ಮಡಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ತಿಳಿಯಾಗಿ ಕಂಡ ನೀರೆಲ್ಲ ಒಳ್ಳೆಯ ನೀರಲ್ಲ ಎಂಬುದನ್ನಷ್ಟೇ ನೆನಪಿಡಿ. ಈ ಮಗು ಉಳಿಯಿತು. ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಇಂದು ಒಲೆ ಆರಿಸುವ ಮೊದಲು ಒಂದು ತಪ್ಪಲೆ ನೀರು ಕುದಿಸಿಡಿ.