ಎರಡು ಮಿಲಿಮೀಟರ್ ಆಕಾಶ

ಅಲಾಸ್ಕದ ಉತ್ತರ ಕರಾವಳಿಯ ಸಿಕುವಿಕ್ ಎಂಬ ಊರಿನ ಹವಾಮಾನ ಕೇಂದ್ರದಲ್ಲಿ ಡೆಲ್ಬರ್ಟ್ ಕಿಗ್ಲುಕ್ ಮೂವತ್ತೊಂದು ವರ್ಷಗಳಿಂದ ಪ್ರತಿ ಮಧ್ಯಾಹ್ನ, ಗಾಳಿಯ ನೀರಾವಿ ಅಳೆಯುವ ಪುಟ್ಟ ಪೆಟ್ಟಿಗೆ ಕಟ್ಟಿದ ಬಲೂನು ಹಾರಿಸುತ್ತ ಬಂದವನು. ಆತನ ಅಳತೆಯನ್ನು ಅನುಮಾನಿಸುವ ಧೈರ್ಯ ಅಷ್ಟು ದಿನವೂ ಯಾರಿಗೂ ಬಂದಿರಲಿಲ್ಲ. ಆ ಮಾರ್ಚಿನಲ್ಲಿ ಬಂದದ್ದು ಸ್ವಂತ ತಂಗಿಯ ಮಗಳು ಲಿಯೋನಾಳಿಗೆ.

ಲಿಯೋನಾ ಫೇರ್‌ಬ್ಯಾಂಕ್ಸಿನಲ್ಲಿ ಓದು ಮುಗಿಸಿ, ಮೂರು ಯಂತ್ರಗಳೊಡನೆ ಊರಿಗೆ ಮರಳಿದ್ದಳು. ಒಂದು ಛಾವಣಿಯ ಮೇಲೆ ಕುಳಿತು, ಗಾಳಿಯಲ್ಲಿರುವ ನೀರಾವಿ ಸೂಸುವ ಕ್ಷೀಣ ರೇಡಿಯೋ ಅಲೆಗಳಿಗೆ ಕಿವಿಗೊಡುತ್ತಿತ್ತು. ಇನ್ನೊಂದು, ಉಪಗ್ರಹದ ಸಂಕೇತ ಆವಿಯನ್ನು ದಾಟಿ ಬರುವಾಗ ಎಷ್ಟು ತಡವಾಯಿತೆಂದು ಎಣಿಸುತ್ತಿತ್ತು. ಮೂರನೆಯದು ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಆವಿ ನುಂಗಿದ ಬಣ್ಣ ಯಾವುದೆಂದು ಹುಡುಕುತ್ತಿತ್ತು. ಈ ಮೂರನ್ನೂ ಡೆಲ್ಬರ್ಟನ ಬಲೂನಿನೊಡನೆ ಒಂದು ತಿಂಗಳು ಹೋಲಿಸಿ ನೋಡಿ, ಇಡೀ ಕರಾವಳಿಗೆ ಅಳತೆಗೋಲಾಗಿ ಯಾವುದನ್ನು ನಂಬಬೇಕೆಂದು ಹೇಳುವುದು ಅವಳ ಕೆಲಸ. ಅಲ್ಲಿಯವರೆಗೆ ಆ ಪಟ್ಟ ಬಲೂನಿನದಾಗಿತ್ತು, ಎಂದರೆ ಡೆಲ್ಬರ್ಟನದು.

ಅಲ್ಲಿ ಚಳಿಗಾಲದ ಆಕಾಶವನ್ನು ಬಟ್ಟೆಯಂತೆ ಹಿಂಡಿದರೂ ನೆಲಕ್ಕೆ ಇಳಿಯುವುದು ಎರಡು ಮಿಲಿಮೀಟರ್ ನೀರು. ಅಂಥ ಕಡೆ ಕಾಲು ಮಿಲಿಮೀಟರ್ ಹೆಚ್ಚಾದರೂ ಅದು ಸಣ್ಣ ತಪ್ಪಲ್ಲ.

"ಮಾವ, ಇವತ್ತೂ ನಿನ್ನ ಆಕಾಶಾನೇ ಒದ್ದೆ," ಎಂದಳು ಲಿಯೋನಾ ಬುಧವಾರ, ಪರದೆಯಿಂದ ಕಣ್ಣೆತ್ತದೆ. "ಅವು ಮೂರೂ ಎರಡು ಪಾಯಿಂಟ್ ಒಂದು ಅಂತಿವೆ. ನಿಂದು ಎರಡು ಪಾಯಿಂಟ್ ನಾಲ್ಕು."

"ಮೂರು ಜನ ಸೇರ್ಕೊಂಡು ಒಬ್ಬನ್ನ ಸುಳ್ಳುಗಾರ ಅಂದ್ಬಿಟ್ರೆ ಆಗೋಯ್ತಾ? ನನ್ನ ಪೆಟ್ಟಿಗೆ ಮೇಲಕ್ಕೆ ಹೋಗಿ ನೋಡ್ಕೊಂಡು ಹೇಳ್ತದೆ. ನಿನ್ನವು ಕೂತಲ್ಲೇ ಕೂತು ಆಕಾಶದ ಸುದ್ದಿ ಹೇಳ್ತವೆ, ನಿಮ್ಮಪ್ಪನ ಥರ."

"ನಮ್ಮಪ್ಪ ಕೂತಲ್ಲೇ ಹೇಳಿದ್ದು ಎಷ್ಟು ಸಲ ನಿಜ ಆಗಿಲ್ಲ?"

"ಅದೇ ನಂಗೆ ಹೊಟ್ಟೆಉರಿ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಶುಕ್ರವಾರ ವರದಿ ಕಳಿಸ್ಬೇಕು ಮಾವ. ಹೀಗೇ ಇದ್ರೆ ಬಲೂನನ್ನ ಕೈಬಿಡಿ ಅಂತ ಬರೀಬೇಕಾಗ್ತದೆ. ನೀನು ಅಂತ ನಾನು ಸುಳ್ಳು ಬರೆಯಕ್ಕಾಗಲ್ಲ."

"ಬರೀಬೇಡ. ಬರೆದ್ರೆ ನಾನೇ ಬಯ್ತೀನಿ," ಎಂದ ಡೆಲ್ಬರ್ಟ್. ಆದರೆ ಅಂದು ಅವನ ಚಹಾ ಬಟ್ಟಲಿನಲ್ಲಿಯೇ ಆರಿಹೋಯಿತು. ದಾರ, ಅನಿಲ, ಪೆಟ್ಟಿಗೆಯ ಪೂರ್ವಪರೀಕ್ಷೆ ಎಲ್ಲವನ್ನೂ ಮೊದಲಿನಿಂದ ತಡಕಾಡಿದ. ಎಲ್ಲಿಯೂ ಲೋಪ ಕಾಣಲಿಲ್ಲ.

ಸಂಜೆ ಮನೆಗೆ ಹೋದಾಗ ಹೆಂಡತಿ ಥೆಲ್ಮಾ, ತಿಮಿಂಗಿಲ ಬೇಟೆಯ ದೋಣಿಗೆ ಸೀಲ್ ಚರ್ಮ ಹೊಲಿದು ಆಗತಾನೇ ಬಂದಿದ್ದಳು. ಅವನ ತುಪ್ಪಳದ ಮೇಲಂಗಿ ಪಾರ್ಕಾವನ್ನು ಕಸಿದುಕೊಂಡು, ಒಳಮಗ್ಗುಲು ಹೊರಗೆ ಮಾಡಿ, ಕೋಲಿನಿಂದ ಹಿಮದ ಪುಡಿಯನ್ನು ಕೊಡವಿ ಒಲೆಯ ಬಳಿ ತೂಗುಹಾಕಿದಳು.

"ನೋಡು, ಎದೆ ಹತ್ರ ಬೆವರು ಎಷ್ಟು ಹಿಮ ಕಟ್ಟಿದೆ. ನಿನಗೆ ಇದನ್ನ ಹೊಲಿದುಕೊಟ್ಟಿದ್ದು ಬೆಚ್ಚಗಿರ್ಲಿ ಅಂತ, ಬೇಯ್ಲಿ ಅಂತಲ್ಲ. ಬೆವರ್ಕೊಂಡು ಮಂಜುಗಡ್ಡೆ ಮೇಲೆ ಹೋಗೋನು ಬೇಟೆಗಾರನೇ ಅಲ್ಲ ಅಂತ ಊರಿಗೆಲ್ಲ ಪಾಠ ಹೇಳ್ತೀಯ."

"ನಾನು ಈಗ ಬೇಟೆಗೆ ಹೋಗ್ತಿಲ್ವಲ್ಲೇ."

"ಬಲೂನಿಗೆ ಹೋಗ್ತೀಯಲ್ಲ."

ಡೆಲ್ಬರ್ಟ್ ಮಕ್ತಾಕಿನ, ಎಂದರೆ ತಿಮಿಂಗಿಲದ ಕೊಬ್ಬುಚರ್ಮದ, ತುಂಡನ್ನು ಬಾಯಿಗಿಡಹೊರಟವನು ಹಾಗೆಯೇ ನಿಂತ. ಒಲೆಯ ಕಾವಿಗೆ ಪಾರ್ಕಾದ ಎದೆಭಾಗದಿಂದ ನೀರು ತೊಟ್ಟಿಕ್ಕತೊಡಗಿತ್ತು.

ಹಳೆಯ ಕಾಲದ ಪೆಟ್ಟಿಗೆಗಳಿಗೆ ಬ್ಯಾಟರಿ ಬೇರೆಯಾಗಿ ಬರುತ್ತಿತ್ತು. ಚಳಿಗೆ ಅದು ಸಾಯದಿರಲೆಂದು ಅವನ ಗುರು ಬ್ಯಾಟರಿಯನ್ನು ಪಾರ್ಕಾದೊಳಗೆ ಎದೆಗವಚಿಕೊಂಡು, ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹೊರಡುತ್ತಿದ್ದ; ಡೆಲ್ಬರ್ಟನೂ ಹಾಗೆಯೇ ಕಲಿತ. ನಾಲ್ಕು ವರ್ಷದ ಹಿಂದೆ ಬ್ಯಾಟರಿಯನ್ನು ಒಡಲಲ್ಲೇ ಇಟ್ಟುಕೊಂಡ ಹೊಸ ಪೆಟ್ಟಿಗೆ ಬಂತು. ಕೈಯ ರೂಢಿ ಬದಲಾಗಲಿಲ್ಲ. ಆವಿಯನ್ನು ಅಳೆಯುವ ಕಡ್ಡಿಯ ಸಮೇತ ಇಡೀ ಪೆಟ್ಟಿಗೆಯೇ ಅವನ ಬೆವರಿನೊಳಗೆ ಕುಳಿತು ಹೊರಗೆ ಹೋಗುತ್ತಿತ್ತು!

ಆ ರಾತ್ರಿ ಅವನು ತನ್ನ ದಿನಚರಿ ತೆಗೆದು, ಹೊಸ ಪೆಟ್ಟಿಗೆ ಬಂದ ತಾರೀಕನ್ನು ಹುಡುಕಿದ. ಸುಮ್ಮನಿದ್ದುಬಿಟ್ಟರೆ, ನಾಳೆಯಿಂದ ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದರೆ, ಅಂಕಿಗಳು ತಾವಾಗಿಯೇ ಸರಿಹೋಗುತ್ತಿದ್ದವು, ಯಾರಿಗೂ ತಿಳಿಯುತ್ತಿರಲಿಲ್ಲ. ಈ ಯೋಚನೆ ಬಂದುಹೋದದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ ಅವನು ಲಿಯೋನಾಳನ್ನೂ ಹೊರಗೆ ಕರೆದು, ಒಂದೇ ಬಲೂನಿಗೆ ಎರಡು ಪೆಟ್ಟಿಗೆಗಳನ್ನು ಕಟ್ಟಿದ. ಒಂದನ್ನು ಹತ್ತು ನಿಮಿಷ ಹೊರಗಿನ ಮರದ ಗೂಟಕ್ಕೆ ತೂಗುಹಾಕಿದ್ದ. ಇನ್ನೊಂದನ್ನು ಎಂದಿನಂತೆ ಎದೆಯಿಂದ ತೆಗೆದ.

"ಇದೇನು ಮಾವ, ಮಗೂನ ತೊಟ್ಟಿಲಿಂದ ಎತ್ತಿದ ಹಾಗೆ?" ಎಂದಳು ಲಿಯೋನಾ.

"ನಾಲ್ಕು ವರ್ಷದಿಂದ ಹಿಂಗೇ ಎತ್ತಿದೀನಿ. ನೀನು ಒಳಗೆ ಕೂತು ಯಂತ್ರ ನೋಡ್ತಿದ್ದೆ, ನನ್ನ ನೋಡ್ಲಿಲ್ಲ. ಈಗ ಒಳಗೆ ಹೋಗಿ ಎರಡನ್ನೂ ಓದು."

ಅವಳು ಓದಿದಳು. ಚಳಿಯಲ್ಲಿ ತೂಗಿದ್ದ ಪೆಟ್ಟಿಗೆ ಮೂರು ಯಂತ್ರಗಳ ಮಾತಿಗೇ ಮಾತು ಕೂಡಿಸಿತು. ಎದೆಯಿಂದ ಬಂದದ್ದು ಸುಮಾರು ಐನೂರು ಮೀಟರ್ ಎತ್ತರದವರೆಗೂ ತೊಯ್ದ ಸುಳ್ಳನ್ನೇ ಹೇಳುತ್ತ ಹೋಗಿ, ಆಮೇಲೆ ಒಣಗಿ, ದಾರಿಗೆ ಬಂತು.

"ಹಾಗಾದ್ರೆ ಬಲೂನು ಸರಿ," ಎಂದಳು ಲಿಯೋನಾ.

"ಬಲೂನು ಸರಿ. ತಪ್ಪು ನಂದು. ಹಾಗೇ ಬರಿ."

"ಪೆಟ್ಟಿಗೆ ಬೆಚ್ಚಗಿದ್ದಿದ್ರಿಂದ ಅಂತ ಬರೀತೀನಿ. ನಿನ್ನ ಹೆಸರು ಯಾಕೆ?"

"ಪೆಟ್ಟಿಗೆ ತಾನಾಗೇ ಬಂದು ನನ್ನ ಎದೆ ಒಳಗೆ ಕೂತ್ಕೊಳ್ತಾ? ಡೆಲ್ಬರ್ಟ್ ಕಿಗ್ಲುಕ್ ಅಂತಾನೇ ಬರಿ. ಹೊಸ ಪೆಟ್ಟಿಗೆ ಬಂದ ತಾರೀಕು ನನ್ನ ದಿನಚರೀಲಿದೆ. ಅವತ್ತಿಂದ ಈಚೆಗೆ ಕೆಳಗಿನ ಐನೂರು ಮೀಟರ್ ಮಾತ್ರ ತಿದ್ದಿ. ಅದಕ್ಕೆ ಹಿಂದಿಂದು ಒಂದಕ್ಷರಾನೂ ಮುಟ್ಟಬೇಡಿ."

ವರದಿ ಹಾಗೆಯೇ ಹೋಯಿತು. ಬಲೂನು ಅಳತೆಗೋಲಾಗಿ ಉಳಿಯಿತು. ಪೆಟ್ಟಿಗೆಯನ್ನು ಹಾರಿಸುವ ಮುನ್ನ ಹತ್ತು ನಿಮಿಷ ಹೊರಗೆ ತೂಗುಹಾಕಬೇಕೆಂಬ ನಿಯಮ ಸೇರಿತು. ಸೋಮವಾರ ಬೆಳಿಗ್ಗೆ ಕರಾವಳಿಯ ಬೇರೆ ಕೇಂದ್ರಗಳಿಂದ ಉತ್ತರಗಳು ಬಂದವು. ಲಿಯೋನಾ ಓದುತ್ತ ಓದುತ್ತ ತಲೆಯ ಮೇಲೆ ಕೈಹೊತ್ತಳು.

"ಮಾವ, ಆರು ಕೇಂದ್ರದವರೂ ಎದೇಲಿಟ್ಕೊಂಡೇ ಹಾರಿಸ್ತಾರಂತೆ. ಇವರಿಗೆಲ್ಲ ಯಾರು ಕಲಿಸಿದ್ದು?"

ಡೆಲ್ಬರ್ಟ್ ಗಡ್ಡ ಕೆರೆದುಕೊಂಡ. "ಪೂರ್ವದ ಕಡೆಯವರಿಬ್ಬರಿಗೆ ನಾನು. ಪಶ್ಚಿಮದವರಿಗೂ ನಾನೇ. ಉಳಿದೋರಿಗೆ ಅವರು ಕಲಿಸಿರ್ಬೇಕು."

ಅವನು ಕುರ್ಚಿಯನ್ನು ಫೋನಿನ ಬಳಿಗೆ ಎಳೆದುಕೊಂಡು, ಬಿಸಿ ಚಹಾ ತರಿಸಿಕೊಂಡು, ಪೂರ್ವದ ತುದಿಯ ಕೇಂದ್ರದಿಂದ ಆರಂಭಿಸಿದ.

"ಏನಪ್ಪಾ, ನಾನು ಡೆಲ್ಬರ್ಟ್. ಮೊದಲು ನಿನ್ನ ಪಾರ್ಕಾ ಒಳಗೆ ಕೈ ಹಾಕು. ಅಲ್ಲೇನಿದೆ ಹೇಳು."