ಸೌಟಿನ ಮೇಲೊಂದು ದೂರು

ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂತವನು ಫೋನನ್ನು ತಟ್ಟೆಯ ಪಕ್ಕಕ್ಕಿಟ್ಟು, ಮೀಸೆಯಡಿಯಲ್ಲೇ ನಕ್ಕು, "ಅಂತೂ ಆ ಕಳ್ಳನ ಖಾತೆ ಮುಚ್ಚಿಸಿದೆ ನೋಡಮ್ಮ," ಎಂದ. ಯಾವ ಕಳ್ಳ, ಯಾವ ಖಾತೆ ಎಂದು ಅವನ ತಾಯಿಗೆ ಒಂದೂ ತಿಳಿಯಲಿಲ್ಲ. ಬಡಿಸುತ್ತಿದ್ದ ಹೆಂಡತಿಗೆ ಮಾತ್ರ ಚೆನ್ನಾಗಿ ತಿಳಿಯಿತು. ಆ ಕಳ್ಳ ಅವಳೇ.

ಫೋನಿನಲ್ಲಿ ಮೂರು ನಿಮಿಷದ ಚೆಸ್ ಆಡುವ ಆ ತಾಣದಲ್ಲಿ ಅವಳ ಹೆಸರು ಸೌಟು. ಹೆಸರು ಕೇಳಿದಾಗ ಬೇರೇನೂ ತೋಚದೆ, ಕೈಯಲ್ಲಿದ್ದುದನ್ನೇ ಕೊಟ್ಟಿದ್ದಳು. ಗಂಡನ ಹೆಸರು ಅಲ್ಲಿ ಮೇಷ್ಟ್ರು. ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಅವನು ನಿಜಕ್ಕೂ ಮೇಷ್ಟ್ರೇ. ಪಕ್ಕದ ಸೀಟಿನಲ್ಲಿ ತನಗೂ ಒಂದು ಬ್ರೇಕ್ ಇಟ್ಟುಕೊಂಡು, ದಿನವಿಡೀ ಇನ್ನೊಬ್ಬರ ತಪ್ಪು ಹುಡುಕುವುದು ಅವನ ಕಸುಬು. ಮನೆಗೆ ಬಂದ ಮೇಲೂ ಆ ಕಾಲು ಬ್ರೇಕಿನ ಮೇಲಿಂದ ಇಳಿಯುತ್ತಿರಲಿಲ್ಲ.

ಆಟ ಕಲಿಸಿದವನೂ ಅವನೇ, ಇಲ್ಲವೆನ್ನಲಾಗದು. ಮದುವೆಯಾದ ಹೊಸತರಲ್ಲಿ ಮರದ ಹಲಗೆ ಹರಡಿ, ಕುದುರೆ ಹೀಗೆ ಹಾರುತ್ತದೆ, ಒಂಟೆ ಹೀಗೆ ಓರೆಯಾಗಿ ಹೋಗುತ್ತದೆ ಎಂದು ತೋರಿಸಿದ್ದ. ನಾಲ್ಕಾರು ಸಲ ಸೋಲಿಸಿ, "ಇದು ನಿನ್ನ ತಲೆಗೆ ಹತ್ತೋದಲ್ಲ ಬಿಡು," ಎಂದು ಹಲಗೆಯನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದ. ಅಷ್ಟಕ್ಕೇ ಮುಗಿಯಿತು ಎಂದುಕೊಂಡ ಮಹಾಶಯ.

ಅವಳ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಪರೇಷನ್ ಕೋಣೆಗಳಿಂದ ಇಳಿದು ಬರುವ ಕತ್ತರಿ, ಚಿಮಟಗಳನ್ನು ತೊಳೆದು, ತಟ್ಟೆಯಲ್ಲಿ ಜೋಡಿಸಿ, ಬಟ್ಟೆ ಸುತ್ತಿ, ಆಳೆತ್ತರದ ಹಬೆಯ ಯಂತ್ರದೊಳಕ್ಕೆ ತಳ್ಳಬೇಕು. ಯಂತ್ರ ತನ್ನ ಪಾಡಿಗೆ ಬುಸುಗುಡುವಷ್ಟು ಹೊತ್ತು ಕೈಗೆ ಕೆಲಸವಿಲ್ಲ. ಸೌಟು ಆಡಲು ಕಲಿತದ್ದು ಆ ಬಿಡುವಿನಲ್ಲಿ.

ಮೊದಮೊದಲು ಕಂಡಕಂಡವರೆಲ್ಲ ಅವಳನ್ನು ಚಚ್ಚಿಹಾಕಿದರು. ಸೋತ ಸಿಟ್ಟಿಗೆ ಇನ್ನೊಂದು ಆಟ, ಅದರ ಸಿಟ್ಟಿಗೆ ಮತ್ತೊಂದು. ಅದೇ ಸಿಟ್ಟಿನ ಕೈಯಲ್ಲಿ ಒಮ್ಮೆ ತಟ್ಟೆ ಕಟ್ಟಿದಾಗ ಅದರಲ್ಲಿ ಒಂದು ಕತ್ತರಿ ಕಡಿಮೆ ಬಿದ್ದು, ಮೇಲ್ವಿಚಾರಕಿ ಎಲ್ಲರೆದುರು ಅವಳ ನೀರಿಳಿಸಿದಳು. ಅಂದಿನಿಂದ ತನಗೆ ತಾನೇ ಕಟ್ಟು ಹಾಕಿಕೊಂಡಳು. ಸೋತರೆ, ಎಡವಿದ್ದೆಲ್ಲಿ ಎಂದು ಕಾಣುವ ತನಕ ಮುಂದಿನ ಆಟ ಮುಟ್ಟುವಂತಿಲ್ಲ. ಬಟ್ಟೆ ಸುತ್ತುವ ಮುಂಚೆ ತಟ್ಟೆಯ ಮೇಲೆ ಕಣ್ಣಾಡಿಸುವ ಹಾಗೆ, ಕಾಯಿ ನಡೆಸುವ ಮುಂಚೆ ಎದುರಿನವನ ಕಾಯಿ ಯಾವುದರ ಮೇಲೆ ಕಣ್ಣು ಹಾಕಿದೆ ಎಂದು ನೋಡಲೇಬೇಕು. ಆಟ ಶುರು ಮಾಡುವುದು ಮಾತ್ರ ಯಾವಾಗಲೂ ಒಂದೇ ರೀತಿ. ಮೂರು ನಿಮಿಷದಲ್ಲಿ ಹೊಸ ಮಾದರಿ ಹುಡುಕುತ್ತ ಕೂರುವುದು ಮೂರ್ಖರ ಕೆಲಸ. ಹೀಗೇ ಮೇಲೇರುತ್ತ ಏರುತ್ತ, ಒಂದು ದಿನ ಮೇಷ್ಟ್ರನ್ನು ಆಟಕ್ಕೆ ಕರೆದಳು. ಸೋಲಿಸಿದಳು. ಮಾರನೆಯ ದಿನವೂ ಸೋಲಿಸಿದಳು.

ಆ ವಾರವೆಲ್ಲ ಮನೆಯಲ್ಲಿ ಅವನದು ಒಂದೇ ರಾಗ. "ಮನುಷ್ಯರು ಆಡೋ ಆಟ ಅಲ್ಲ ಅದು! ಪಕ್ಕದಲ್ಲಿ ಕಂಪ್ಯೂಟರ್ ಇಟ್ಕೊಂಡು ನೋಡ್ಕೊಂಡು ಆಡ್ತಾನೆ ಬೇವರ್ಸಿ!" ಅವಳು ಬೆನ್ನು ತಿರುಗಿಸಿ ನಗುತ್ತಿದ್ದಳು. ಒಳ್ಳೆಯ ಸಮಯ ನೋಡಿ ಹೇಳಿದರಾಯಿತು, ಅವನೂ ನಕ್ಕಾನು ಎಂದುಕೊಂಡಿದ್ದಳು. ಎಂಥ ಹುಚ್ಚು! ಅವನು ತನ್ನ ಚೆಸ್ ಗುಂಪಿನವರನ್ನೆಲ್ಲ ಎತ್ತಿಕಟ್ಟಿ, ಒಬ್ಬೊಬ್ಬರಿಂದಲೂ ಸೌಟಿನ ಮೇಲೆ ದೂರು ಹಾಕಿಸಿದ್ದ.

ಅಡುಗೆಮನೆಗೆ ಹೋಗಿ ಫೋನು ತೆರೆದಳು. ಮೋಸದಿಂದ ಆಡಿದ ಕಾರಣ ಈ ಖಾತೆಯನ್ನು ಮುಚ್ಚಲಾಗಿದೆ ಎಂದಿತ್ತು. ಅವಳು ಆಡಿದ ಆಟ, ಏರಿದ ಮೆಟ್ಟಿಲು ಎಲ್ಲವೂ ಆ ಒಂದು ಸಾಲಿನಡಿ ಹೂತುಹೋಗಿತ್ತು. ಪಿತ್ತ ನೆತ್ತಿಗೇರಿತು. ನೆಲಮಾಳಿಗೆಯ ಹಬೆಯಲ್ಲಿ ಬೆವರಿ ಕಲಿತದ್ದನ್ನು ಕಳ್ಳಮಾಲು ಎನ್ನಲು ಇವನು ಯಾರು?

ಹೊರಗೆ ಬಂದು, "ಸೌಟು ನಾನೇ," ಎಂದಳು.

ಅವನು ತುತ್ತು ಹಿಡಿದು ಅವಳನ್ನೇ ನೋಡಿದ. ಆಮೇಲೆ ನಕ್ಕ. "ನೀನಾ? ಹಂಗಾದ್ರೆ ಕಂಪ್ಯೂಟರ್ ನೋಡ್ಕೊಂಡು ಆಡೋದನ್ನ ಯಾರು ಹೇಳ್ಕೊಟ್ರು ನಿಂಗೆ?"

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ನಗುವನ್ನು ತಡೆಯಲಾಗಲಿಲ್ಲ. ಸ್ಟೂಲು ಎಳೆದು, ಬೀರುವಿನ ಮೇಲಿನ ಹಲಗೆಯನ್ನು ಇಳಿಸಿ, ಧೂಳು ಸಮೇತ ಮೇಜಿನ ಮೇಲೆ ಕುಕ್ಕಿದಳು. ಜೊತೆಗಿದ್ದ ಎರಡು ಮುಖದ ಗಡಿಯಾರವನ್ನೂ ಇಟ್ಟಳು.

"ಕೈ ತೊಳ್ಕೊಂಡು ಬನ್ನಿ. ಇಲ್ಲಿ ಯಾವ ಕಂಪ್ಯೂಟರೂ ಇಲ್ಲ. ನಾನು ಗೆದ್ರೆ, ದೂರು ಸುಳ್ಳು ಅಂತ ನೀವೇ ಆ ತಾಣದವರಿಗೆ ಬರೀಬೇಕು."

"ಸೋತ್ರೆ?"

"ಸೋತ್ರೆ ಇನ್ಮುಂದೆ ಕಳ್ಳಿ ಅಂತಾನೇ ಕರೀರಿ."

ಅತ್ತೆ ಬೀನ್ಸ್ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು. ಆಟ ಗೊತ್ತಿಲ್ಲದಿದ್ದರೂ ಜಗಳ ಗೊತ್ತಾಗುತ್ತದೆ.

ತಲಾ ಮೂರು ನಿಮಿಷ, ಯಾರ ಸಮಯ ಮೊದಲು ಮುಗಿದರೂ ಅವರು ಸೋತಂತೆ. ಅವನು ಕಾಯಿಗಳನ್ನು ಟಪಟಪನೆ ಬಡಿದು, ಗಡಿಯಾರದ ಗುಂಡಿಯನ್ನು ಅದಕ್ಕಿಂತ ಜೋರಾಗಿ ಬಡಿದು ಆಡಿದ. ಅವಳು ಸದ್ದಿಲ್ಲದೆ ಆಡಿದಳು. ಒಂಟೆ ಹೋಯಿತು ಅವನದು, ಆಮೇಲೆ ಆನೆ. ಮೀಸೆಯ ಮೇಲಿನ ಕೈ ಹಣೆಗೆ ಹೋಯಿತು. ಅವಳು ರಾಣಿಯನ್ನು ಅವನ ರಾಜನ ಹತ್ತಿರಕ್ಕೆ ತಂದಿಟ್ಟಳು. ಮುಂದಿನ ನಡೆಗೆ ರಾಣಿಯಿಂದಲೂ ಸಾವು, ಆನೆಯಿಂದಲೂ ಸಾವು. ಒಂದಕ್ಕೆ ಅಡ್ಡ ನಿಂತರೆ ಇನ್ನೊಂದು ತಪ್ಪುವಂತಿರಲಿಲ್ಲ.

ಅವನು ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತ ಕೂತ. ಕೂತೇ ಕೂತ. ಅವಳು ಕಾಯುತ್ತಿದ್ದಳು, ಒಳಗೊಳಗೇ ಗೆದ್ದ ಹಿಗ್ಗು. ಇದ್ದಕ್ಕಿದ್ದಂತೆ ಅವನು ಮೇಜು ಗುದ್ದಿ, "ಟೈಮ್! ನಿನ್ನ ಟೈಮ್ ಮುಗೀತು!" ಎಂದು ಕೂಗಿದ.

ನೋಡಿದರೆ ಓಡುತ್ತಿದ್ದದ್ದು ಅವಳ ಗಡಿಯಾರ. ಫೋನಿನಲ್ಲಿ ಕಾಯಿ ಇಟ್ಟೊಡನೆ ಗಡಿಯಾರ ತಾನೇ ಬದಲಾಗುತ್ತದೆ. ಇಲ್ಲಿ ಕಾಯಿ ನಡೆಸಿದವರೇ ಗುಂಡಿ ಒತ್ತಬೇಕು. ಆರಂಭದಿಂದ ನೆನಪಿಟ್ಟು ಒತ್ತಿದವಳು, ಗೆಲುವು ಕಂಡ ಆ ಒಂದು ನಡೆಯಲ್ಲಿ ಮರೆತಿದ್ದಳು. ಅವನು ಮೊದಲೇ ಅದನ್ನು ನೋಡಿದ್ದ. ನೋಡಿಯೂ ಯೋಚಿಸುವ ನಾಟಕ ಹೂಡಿ, ಅವಳ ಸಮಯ ಸೋರಿಹೋಗುವುದನ್ನು ಗಲ್ಲಕ್ಕೆ ಕೈ ಕೊಟ್ಟು ಕಾದಿದ್ದ.

"ಗುಂಡಿ ಒತ್ತೋದೂ ಆಟದ ನಿಯಮಾನೇ," ಎನ್ನುತ್ತ, ಎರಡೂ ಕೈಯಿಂದ ಕಾಯಿಗಳನ್ನು ಬಾಚಿ ಡಬ್ಬಿಗೆ ಸುರಿಯತೊಡಗಿದ.

"ಗೆದ್ದೋನು ಯಾಕೋ ಇಷ್ಟು ಅವಸರ ಮಾಡ್ತಿದೀಯ?" ಎಂದರು ಅತ್ತೆ, ಬೀನ್ಸಿನ ನಾರು ತೆಗೆಯುತ್ತ. "ನಿನ್ನ ಮುಖ ಯಾಕೆ ಹಂಗಿದೆ?"

ಅವಳಿಗೆ ಅಳು ಬಂತೆಂದು ಅವನು ತಿಳಿದಿರಬೇಕು. ಅದು ಅಳುವಲ್ಲ, ಆ ಡಬ್ಬಿಯನ್ನು ಅವನ ತಲೆಗೆ ಅಪ್ಪಳಿಸಬೇಕೆನ್ನುವ ಸಿಟ್ಟು. ಡಬ್ಬಿಯನ್ನು ಕಿತ್ತುಕೊಂಡಳು. ಒಂದೊಂದೇ ಕಾಯಿ ತೆಗೆದು ಹಲಗೆಯ ಮೇಲಿಟ್ಟಳು. ಅವನ ರಾಜ, ಅದರ ಮುಂದಿನ ಸೈನಿಕರು, ಮೂಲೆಯಲ್ಲಿ ಕೆಲಸಕ್ಕೆ ಬಾರದೆ ನಿಂತ ಕುದುರೆ, ತನ್ನ ಆನೆ, ತನ್ನ ರಾಣಿ. ಯಾವುದೂ ಒಂದು ಮನೆ ಆಚೀಚೆ ಆಗಲಿಲ್ಲ. ಗಡಿಯಾರವನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟಳು.

"ಗೆದ್ರಿ, ಒಪ್ಪಿದೆ. ಕಳ್ಳಿ ಅನ್ನಿ. ಆದ್ರೆ ಈಗ ನಡೆ ನಿಮ್ಮದು. ಸಂಜೆ ತನಕ ಯೋಚಿಸಿ, ಫೋನಲ್ಲಿ ಕಂಪ್ಯೂಟರನ್ನೂ ಕೇಳಿ. ಇದರಿಂದ ತಪ್ಪಿಸ್ಕೊಳ್ಳೋ ಒಂದೇ ಒಂದು ನಡೆ ತೋರಿಸಿ."

ಅವನು ಕುದುರೆಯ ಮೇಲೆ ಬೆರಳಿಟ್ಟ, ತೆಗೆದ. ಸೈನಿಕನನ್ನು ಎತ್ತಿ, ಅಲ್ಲೇ ಇಟ್ಟ. ತಾಯಿಯ ಕಡೆ ನೋಡಿದ. ತಾಯಿ ಬೀನ್ಸು ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ಆದರೂ ಅವನ ಕುತ್ತಿಗೆ ಬೆವೆತಿತ್ತು. ಬಹಳ ಹೊತ್ತಾದ ಮೇಲೆ ಫೋನು ಎತ್ತಿಕೊಂಡ.

"ಏನಂತ ಬರೀಲಿ?" ಎಂದ, ತಲೆಯೆತ್ತದೆ.

"ಅವಳು ನನ್ನ ಹೆಂಡತಿ ಅಂತ ಬರೀರಿ. ಅವಳ ಹತ್ರ ಸೋತಿದ್ದು ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ ಅಂತ ಬರೀರಿ."

ಮೊದಲನೆಯ ವಾಕ್ಯವನ್ನು ಅವನು ಬರೆದ. ಎರಡನೆಯದಕ್ಕೆ ಬೆರಳು ನಿಂತುಹೋಯಿತು. ಅವಳು ಎದುರಿನ ಕುರ್ಚಿಯಲ್ಲಿ ಕೂತು, ತಾನಿನ್ನೂ ಉಣ್ಣದ ತಟ್ಟೆಯನ್ನು ಎಳೆದುಕೊಂಡು, ಅವನು ಬರೆಯುವುದನ್ನೇ ನೋಡುತ್ತ ಊಟ ಶುರು ಮಾಡಿದಳು.