ಬುಧವಾರದ ಇಂಗ್ಲಿಷ್

"ನಿಮ್ಮೆಜಮಾನ್ರು ನಿನ್ನೆ ನಮ್ಮನ್ನೆಲ್ಲ ನಗಿಸಿ ನಗಿಸಿ ಸಾಕುಮಾಡಿಬಿಟ್ರು, ಮಸಾಯೊ ಸಾನ್. ಹೊಟ್ಟೆ ಇನ್ನೂ ನೋಯ್ತಿದೆ ನೋಡಿ."

ಕುವಾಬಾರ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಅವಳ ತಲೆ ಹಿಂದಕ್ಕೆ ವಾಲಿ ಪಾರ್ಲರಿನ ತೊಟ್ಟಿಯ ಅಂಚಿಗೆ ಒರಗಿತ್ತು. ಬೆಚ್ಚಗಿನ ನೀರು ಬಿಟ್ಟು ಅವಳ ಕೂದಲಿನ ನೊರೆ ತೊಳೆಯುತ್ತಿದ್ದ ಮಸಾಯೊಳ ಬೆರಳು ಅಲ್ಲೇ ನಿಂತವು.

"ನಮ್ಮನೆಯವ್ರಾ?"

"ಮತ್ತಿನ್ಯಾರು! ಅದೇ ಕೋಳಿ ಕಥೆ. ಅಜ್ಜಿಯೊಬ್ಳು ಬುಟ್ಟೀಲಿ ಕೋಳಿ ಇಟ್ಕೊಂಡು ಇವರ ಬಸ್ ಹತ್ತಿದ್ಳಂತೆ. ಇಳಿಯೋ ಹೊತ್ಗೆ ಕೈಲಿ ಚಿಲ್ಲರೆ ಇಲ್ಲ. ಅಷ್ಟ್ರಲ್ಲಿ ಕೋಳಿ ಸೀಟಿನ್ ಮೇಲೇ ಮೊಟ್ಟೆ ಇಟ್ಟಿದೆ. ಅಜ್ಜಿ ಅದನ್ನೇ ಎತ್ತಿ ಚಾರ್ಜಿನ ಡಬ್ಬಿಗೆ ಹಾಕೋಕೆ ಬಂದ್ಳಂತೆ! ಅಷ್ಟೂ ಇಂಗ್ಲಿಷಲ್ಲಿ ಹೇಳಿದ್ರು. ಮೊಟ್ಟೆ ಅನ್ನೋ ಪದ ಮರ್ತುಹೋಗಿ, ಎದ್ದು ನಿಂತು ರೆಕ್ಕೆ ಬಡಿದು ಕೊಕ್ಕೊಕ್ಕೋ ಅಂದ್ರು ನೋಡಿ, ಬ್ರಿಜೆಟ್ ಟೀಚರ್ ಕಣ್ಣಲ್ಲಿ ನೀರು!"

"ಓ, ಆ ಕೋಳಿ ಕಥೇನಾ," ಎಂದಳು ಮಸಾಯೊ. "ಮನೇಲಿ ಕೇಳಿ ಕೇಳಿ ಸಾಕಾಗಿದೆ."

ಅವಳು ಆ ಕಥೆಯನ್ನು ಕೇಳುತ್ತಿದ್ದುದು ಅದೇ ಮೊದಲು.

ಅವಳ ಗಂಡ ತತ್ಸುರೋ ಮನೆಯಲ್ಲಿ ರೆಕ್ಕೆ ಬಡಿಯುವುದಿರಲಿ, ಬಾಯಿ ಬಿಟ್ಟರೇ ಹೆಚ್ಚು. ತೊನಾಮಿ ಪಟ್ಟಣದ ಸುತ್ತಮುತ್ತಲ ಹಳ್ಳಿಗಳಿಗೆ ಅವನು ಆಯುಷ್ಯವೆಲ್ಲ ಬಸ್ಸು ಓಡಿಸಿದ್ದ. ಬಸ್ಸಿನಲ್ಲಿ ಚಾಲಕನೊಡನೆ ಮಾತಾಡಬಾರದೆಂದು ಬರೆದಿರುತ್ತದಲ್ಲ, ಆ ಫಲಕವನ್ನೇ ಕಳಚಿಕೊಂಡು ಮನೆಗೆ ತಂದಿದ್ದಾನೆ ಎಂದು ಮಸಾಯೊ ತನ್ನ ಪಾರ್ಲರಿಗೆ ಬರುವ ಹೆಂಗಸರ ಮುಂದೆ ತಮಾಷೆ ಮಾಡುತ್ತಿದ್ದಳು. ಊಟ, ಸ್ನಾನ, ನಿದ್ದೆ ಎಂಬ ಮೂರು ಮಾತಿನಲ್ಲಿ ಅವನ ದಿನ ಮುಗಿಯುತ್ತಿತ್ತು. ನಿವೃತ್ತನಾದ ಮೇಲೆ ಆ ಮೂರೂ ಕಮ್ಮಿಯಾದವು. ಪಾರ್ಲರಿನ ಹಿಂದಿನ ಕೋಣೆಯಲ್ಲಿ ಟಿವಿ ಮುಂದೆ ಕೂತರೆ ಕೂತ. ಗಿರಾಕಿಗಳು ಪಿಸುಗುಟ್ಟಿ ಮಾತಾಡುವ ಹಾಗಾಯಿತು. ಕೊನೆಗೆ ಮಸಾಯೊಳೇ, "ಎಲ್ಲಾದ್ರೂ ಹೋಗಿ ಬನ್ರೀ, ಬೂಷ್ಟು ಹಿಡಿದು ಹೋಗ್ತೀರ" ಎಂದು ಸಮುದಾಯ ಭವನದ ಇಂಗ್ಲಿಷ್ ಮಾತುಕತೆಯ ತರಗತಿಗೆ ಅವನ ಹೆಸರು ಕೊಟ್ಟು ಬಂದಿದ್ದಳು. ಬುಧವಾರ ಮಧ್ಯಾಹ್ನ. ನ್ಯೂಜಿಲೆಂಡಿನಿಂದ ಬಂದ ಬ್ರಿಜೆಟ್ ಎಂಬ ಹುಡುಗಿ ಪಾಠ ಮಾಡುತ್ತಿದ್ದಳು. ಪಾಠವೆಂದರೆ ಪಾಠವೂ ಅಲ್ಲ. ಬೆಳಿಗ್ಗೆ ಏನು ತಿಂದಿರಿ, ಭಾನುವಾರ ಎಲ್ಲಿ ಹೋಗಿದ್ದಿರಿ, ನಾಯಿ ಇಷ್ಟವೋ ಬೆಕ್ಕು ಇಷ್ಟವೋ, ಇಂಥದೇ ಮಾತು.

ಈಗ ಅವನು ಬುಧವಾರ ಬಂತೆಂದರೆ ಗಡ್ಡ ಎರಡು ಸಲ ಹೆರೆದುಕೊಳ್ಳುತ್ತಿದ್ದ. ಕೆಂಗಂದು ಸ್ವೆಟರು ಹಾಕುತ್ತಿದ್ದ. ಆ ಸ್ವೆಟರನ್ನು ಕೊಡಿಸಿದವಳು ಮಸಾಯೊ, ಹಾಕಿಕೊಳ್ಳಿ ಎಂದು ವರ್ಷಗಟ್ಟಲೆ ಗೋಗರೆದವಳೂ ಅವಳೇ.

ಅವತ್ತು ರಾತ್ರಿಯ ಊಟಕ್ಕೆ ಅವಳು ಬುರಿ ಮೀನು ಸುಟ್ಟು, ಮಿಸೊ ಸಾರಿನ ಬಟ್ಟಲನ್ನು ಅವನ ಮುಂದಿಟ್ಟು, "ರೀ, ಆ ಅಜ್ಜಿಯ ಕೋಳಿ ಯಾವ ಬಣ್ಣದ್ದು?" ಎಂದಳು.

ಅವನು ತಲೆಯೆತ್ತಿದ. "ಯಾರು ಹೇಳಿದ್ರು?"

"ಕುವಾಬಾರ."

"ಓ." ಉಪ್ಪಿನಲ್ಲಿ ಹಾಕಿದ ಮೂಲಂಗಿಯ ಹೋಳೊಂದನ್ನು ಕಡಿದ. "ಬಿಳೀದು."

ಅಷ್ಟೇ. ಆ ಹೆಂಗಸಿಗೆ ಅಜ್ಜಿ, ಬುಟ್ಟಿ, ಮೊಟ್ಟೆ, ರೆಕ್ಕೆ ಎಲ್ಲ. ಕಟ್ಟಿಕೊಂಡವಳಿಗೆ ಬಣ್ಣ ಮಾತ್ರ.

ಆಮೇಲೆ ಅವನು ಸ್ನಾನಕ್ಕೆ ಹೋದಾಗ ಮಸಾಯೊ ಟವೆಲ್ ಹಿಡಿದು ಬಾಗಿಲಾಚೆ ನಿಂತಳು. ಒಳಗೆ ಬಿಸಿನೀರಿನಲ್ಲಿ ಕೂತು ಅವನು ತನ್ನಷ್ಟಕ್ಕೆ ಇಂಗ್ಲಿಷ್ ಮಾತಾಡುತ್ತಿದ್ದ. ಅವಳಿಗೆ ಪದ ತಿಳಿಯಲಿಲ್ಲ, ದನಿ ತಿಳಿಯಿತು. ಸ್ವಲ್ಪ ಎತ್ತರದ, ನಯವಾದ ದನಿ, ಕೊನೆಯಲ್ಲಿ ನಗೆಯ ಕಡೆಗೆ ಹೊರಳುವಂಥದು. ಈ ದನಿಯ ಗಂಡಸನ್ನು ನಾನು ಯಾವತ್ತೂ ನೋಡಿಲ್ಲವಲ್ಲ ಎಂದುಕೊಂಡಳು. ಟವೆಲನ್ನು ಗೂಟಕ್ಕೆ ತಗುಲಿಸಿ ಬಂದು ಪಾತ್ರೆ ತೊಳೆಯುವಾಗ ಅವಳ ಕೈಯಲ್ಲಿ ಎರಡು ಬಟ್ಟಲಿನ ಅಂಚು ಮುಕ್ಕಾದವು.

ಕುವಾಬಾರ ಕೆಟ್ಟವಳೇನಲ್ಲ. ಗಂಡ ಬದುಕಿದ್ದಾಗ ಸಿಂಗಾಪುರದಲ್ಲಿದ್ದು ಬಂದವಳು, ಇಂಗ್ಲಿಷ್ ಚೆನ್ನಾಗಿ ಬಲ್ಲವಳು. ಒಂಟಿ ಮನೆ, ಸದಾ ಇಸ್ತ್ರಿ ಮಾಡಿದ ಅಂಗಿ, ಕತ್ತಿಗೊಂದು ರೇಷ್ಮೆ ಬಟ್ಟೆ. ಅವಳ ಕೂದಲಿಗೆ ಮಸಾಯೊ ಬಣ್ಣ ಹಾಕುತ್ತ ಬಂದು ಎಷ್ಟೋ ಕಾಲವಾಗಿತ್ತು. ಈಗ ಆ ಕೂದಲನ್ನು ಮುಟ್ಟಿದರೆ ಮೈ ಉರಿಯುತ್ತಿತ್ತು. ಆದರೂ, "ಈ ವಾರ ಏನ್ ಮಾತಾಡಿದ್ರಿ?" ಎಂದು ತಾನಾಗಿಯೇ ಕೇಳದೆ ಇರಲಾಗುತ್ತಿರಲಿಲ್ಲ. ಕುವಾಬಾರ ಹೇಳುತ್ತಿದ್ದಳು. ತತ್ಸುರೋಗೆ ಹಡಗು ಓಡಿಸುವ ಆಸೆಯಿತ್ತು. ತತ್ಸುರೋಗೆ ಹಲ್ಲಿಯೆಂದರೆ ಭಯ. ತತ್ಸುರೋಗೆ ಪಿಯಾನೋ ಕೇಳಿದರೆ ಎದೆ ಭಾರವಾಗುತ್ತದೆ. ಮಸಾಯೊ ಪ್ರತಿಯೊಂದಕ್ಕೂ ಹೂಂ ಹೂಂ ಎನ್ನುತ್ತ, ಎಲ್ಲ ತನಗೆ ಮೊದಲೇ ಗೊತ್ತಿದ್ದವಳ ಹಾಗೆ ಬಾಚಣಿಗೆ ಎಳೆಯುತ್ತಿದ್ದಳು.

ನವೆಂಬರ್ ಶುರುವಿನಲ್ಲಿ ಕುವಾಬಾರ ತಂಗಿಯ ಮಗಳ ಮದುವೆಗೆಂದು ಕೂದಲು ಕತ್ತರಿಸಿಕೊಳ್ಳಲು ಬಂದಳು. ಹಣೆಯ ಮೇಲಿನ ಕೂದಲನ್ನು ಹುಬ್ಬಿನವರೆಗೆ ಬಿಡಬೇಕು, ಸುಕ್ಕು ಮುಚ್ಚಬೇಕು ಎಂದಳು. ಮಸಾಯೊ ಆ ಕೂದಲನ್ನು ಒದ್ದೆ ಮಾಡಿ, ಎರಡು ಬೆರಳ ನಡುವೆ ಹಿಡಿದು, ಕತ್ತರಿ ಎತ್ತಿದಳು. ಕುವಾಬಾರ ಕನ್ನಡಿಯಲ್ಲಿ ಮಸಾಯೊಳ ಕಣ್ಣನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಹೋನಾಮಿ. ಎಂಥ ಚೆಂದದ ಹೆಸರು, ಮಸಾಯೊ ಸಾನ್."

"ಏನು?"

"ಈ ವಾರ ಇಷ್ಟವಾದ ಹೆಸರಿನ ಬಗ್ಗೆ ಮಾತಾಡಿ ಅಂದಿದ್ರು ಟೀಚರ್. ನಾನು ನಮ್ಮ ನಾಯಿ ಹೆಸರು ಹೇಳಿದೆ. ನಿಮ್ಮೆಜಮಾನ್ರು ನಿಮ್ಮ ಮಗಳ ಹೆಸರು ಹೇಳಿದ್ರು. ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ, ನಿಮಗೊಂದು ಮಗು ಆಗಿ ತೀರಿಹೋಗಿತ್ತು ಅಂತ. ಎಲ್ಲ ಅತ್ತುಬಿಟ್ವಿ. ಹೆಸರಿಟ್ಟ ಮೇಲೆ ಕಳ್ಕೊಳ್ಳೋದು ಅಂದ್ರೆ... ನಿಮಗೆ ಹೆಂಗಾಗಿರಬೇಡ."

ಕತ್ತರಿ ಕಚಕ್ಕೆಂದಿತು.

ಮಗುವಿಗೆ ಹೆಸರಿರಲಿಲ್ಲ. ತುಂಬಿದ ಒಂಬತ್ತು ತಿಂಗಳಲ್ಲಿ ಉಸಿರಿಲ್ಲದೆ ಹುಟ್ಟಿತ್ತು. ಮುಖವನ್ನೊಮ್ಮೆ ತೋರಿಸಿ ಬಟ್ಟೆ ಸುತ್ತಿ ಒಯ್ದಿದ್ದರು. ಆಮೇಲೆ ಬೇರೆ ಮಕ್ಕಳಾಗಲಿಲ್ಲ. ಪ್ರತಿ ವರ್ಷ ಮಸಾಯೊ ದೇವಸ್ಥಾನಕ್ಕೆ ಹೋಗಿ, ಹುಟ್ಟದೆ ಹೋದ ಮಕ್ಕಳನ್ನು ಕಾಯುವ ಪುಟ್ಟ ಕಲ್ಲಿನ ಜಿಜೋ ವಿಗ್ರಹದ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ ಬರುತ್ತಿದ್ದಳು. ಕೈಮುಗಿದು, ಕರೆಯಲು ಹೆಸರಿಲ್ಲದೆ, ಮಗೂ ಎಂದಷ್ಟೇ ಅನ್ನುತ್ತಿದ್ದಳು. ಆ ಹೊತ್ತಿನಲ್ಲಿ ತತ್ಸುರೋ ಮೆಟ್ಟಿಲ ಕೆಳಗೆ ನಿಂತು ಕಾರಿನ ಗಾಜು ಒರೆಸುತ್ತಿದ್ದ. ಮನೆಯಲ್ಲಿ ಆ ಮಾತು ಎಂದೂ ಬಂದಿರಲಿಲ್ಲ.

"ಮಸಾಯೊ ಸಾನ್," ಎಂದಳು ಕುವಾಬಾರ, ಕನ್ನಡಿ ನೋಡುತ್ತ. ಹಣೆಯ ಕೂದಲು ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಹೋಗಿತ್ತು. ಒಂದು ಕಡೆ ಇನ್ನೂ ಮೇಲಕ್ಕೆ. ಸುಕ್ಕುಗಳೆಲ್ಲ ಬಯಲಿಗೆ ಬಿದ್ದಿದ್ದವು.

"ಈಗಿನ ಫ್ಯಾಷನ್ನು ಇದೇ," ಎಂದಳು ಮಸಾಯೊ.

ಕೈ ಜಾರಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಕೈ ಜಾರಿರಲಿಲ್ಲ.

ಸಂಜೆ ಅವಳು ಅನ್ನ ಬಡಿಸಲಿಲ್ಲ. ಬಟ್ಟಲನ್ನು ಕೈಯಲ್ಲೇ ಹಿಡಿದು, "ಹೋನಾಮಿ ಅಂದ್ರೆ ಯಾರು?" ಎಂದಳು.

ತತ್ಸುರೋ ಚಾಪ್‌ಸ್ಟಿಕ್ ಕೆಳಗಿಟ್ಟ. ಎದ್ದು ನಿಂತ. "ಸ್ನಾನಕ್ಕೆ ನೀರು ಕಾದಿದ್ಯಾ?"

"ಕೂತ್ಕೊಳ್ರೀ!" ಅವಳ ದನಿಗೆ ಅವಳೇ ಬೆಚ್ಚಿದಳು. "ಹೊತ್ತಿದ್ದು ನಾನು. ಹೆತ್ತಿದ್ದು ನಾನು. ಅದಕ್ಕೆ ಹೆಸರಿತ್ತು ಅಂತ ನಂಗೆ ಬೇರೆಯವಳ ಕೂದಲು ಕತ್ತರಿಸ್ತಾ ಗೊತ್ತಾಗ್ಬೇಕಾ? ನಾಯಿ ಹೆಸರು ಹೇಳಿದ್ಳಂತೆ ಅವಳು, ಅದರ ಹಿಂದೇನೇ ನೀವು ನನ್ನ ಮಗಳ ಹೆಸರು ಹೇಳಿದ್ರಂತೆ! ಅವಳ ಕೂಡೆ ಬೇಕಾದ್ರೆ ಏನಾದ್ರೂ ಮಾಡ್ಕೊಂಡಿದ್ರೆ ನಾನು ಇಷ್ಟು ಉರೀತಿರ್ಲಿಲ್ಲ."

ಅವನು ಬೆನ್ನು ತಿರುಗಿಸಿಯೇ ನಿಂತಿದ್ದ. "ನಮ್ಮ ಭಾಷೇಲಿ ಅದು ಬಾಯಿಗೇ ಬರಲ್ಲ ಕಣೆ," ಎಂದ. "ಅಲ್ಲಿ ಬಂತು. ಯಾಕೆ ಅಂತ ಗೊತ್ತಿಲ್ಲ." ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ರಾತ್ರಿ ಒಳಗಿಂದ ಯಾವ ದನಿಯೂ ಬರಲಿಲ್ಲ.

ಮುಂದಿನ ಬುಧವಾರ ಮಸಾಯೊ ಪಾರ್ಲರಿನ ಬಾಗಿಲಿಗೆ ರಜೆಯ ಬೋರ್ಡು ತೂಗಿ, ಗಂಡನಿಗಿಂತ ಮೊದಲೇ ಹೋಗಿ ಕಾರಿನಲ್ಲಿ ಕೂತಳು. ಅವನು ಬಂದು ಎಂಜಿನ್ ಶುರುಮಾಡಿದ.

ಭವನದ ಕೋಣೆಯಲ್ಲಿ ಸೀಮೆಎಣ್ಣೆಯ ಒಲೆ ಉರಿಯುತ್ತಿತ್ತು. ಅದರ ಸುತ್ತ ವಯಸ್ಸಾದವರು ಏಳೆಂಟು ಜನ ಕೂತಿದ್ದರು. ಕುವಾಬಾರ ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ಮಸಾಯೊಳನ್ನು ಕಂಡು ಎದ್ದು ಬಾಗಿ ನಮಸ್ಕರಿಸಿದಳು. ಆ ಟೋಪಿಯನ್ನು ನೋಡಿ ಮಸಾಯೊಗೆ ನಾಚಿಕೆಯೂ ಆಯಿತು, ಒಂದಿಷ್ಟು ಸಮಾಧಾನವೂ ಆಯಿತು.

ಬ್ರಿಜೆಟ್ ಬೋರ್ಡಿನ ಮೇಲೆ ಅವತ್ತಿನ ಮಾತನ್ನು ಬರೆದಳು. ನಿಮಗೆ ಯಾವ ಋತು ಇಷ್ಟ? ಯಾಕೆ? ಇಬ್ಬಿಬ್ಬರಾಗಿ ಕೂತು ಮಾತಾಡಬೇಕು, ಗಂಟೆ ಬಾರಿಸಿದಾಗ ಜೊತೆ ಬದಲಾಗಬೇಕು. ಮಸಾಯೊಗೆ ಸಿಕ್ಕಿದವನು ಹಲ್ಲುಸೆಟ್ಟಿನ ತೋಫು ಅಂಗಡಿಯವನು. ಅವನು ಬೇಸಿಗೆ, ಬಿಯರ್, ಬೇಸಿಗೆ, ಬಿಯರ್ ಎಂದು ಬೆರಳು ಮಡಚುತ್ತಿದ್ದ. ಅವಳ ಕಿವಿ ಆಚೆ ಮೇಜಿನ ಕಡೆಗಿತ್ತು. ತತ್ಸುರೋ ಮುಂದಕ್ಕೆ ಬಾಗಿ ಕುವಾಬಾರಳ ಜೊತೆ ಅದೇ ಸ್ನಾನದ ಮನೆಯ ದನಿಯಲ್ಲಿ ಏನೋ ಹೇಳುತ್ತಿದ್ದ. ಅವಳು ಅವನ ತೋಳು ಮುಟ್ಟಿ ನಕ್ಕಳು.

ಗಂಟೆ ಬಾರಿಸಿತು. ತತ್ಸುರೋ ಎದುರಿಗೆ ಈಗ ಬರಬೇಕಾದವಳು ಪಕ್ಕದ ಮೇಜಿನ ಇನ್ನೊಬ್ಬ ಹೆಂಗಸು. ಕುವಾಬಾರ ಅವಳನ್ನು ಕೈಹಿಡಿದು ತನ್ನ ಕಡೆ ಎಳೆದುಕೊಂಡು, ತತ್ಸುರೋ ಎದುರಿನ ತನ್ನ ಕುರ್ಚಿಯನ್ನು ಮಸಾಯೊಗೆ ಬಿಟ್ಟುಕೊಟ್ಟಳು.

ಗಂಡ ಹೆಂಡತಿ ಎದುರುಬದುರು ಕೂತರು. ಪ್ರತಿ ಸಲ ಹೊಸಬರನ್ನು ಕಂಡ ಹಾಗೆ ಶುರುಮಾಡಬೇಕೆಂಬುದು ತರಗತಿಯ ನಿಯಮ. ತತ್ಸುರೋ ಕೈ ಚಾಚಿದ.

"ಹಲೋ. ನನ್ನ ಹೆಸರು ತತ್ಸುರೋ," ಎಂದ ಇಂಗ್ಲಿಷಿನಲ್ಲಿ.

ಅವರು ಒಬ್ಬರ ಕೈ ಒಬ್ಬರು ಕುಲುಕಿದವರೇ ಅಲ್ಲ. ಅವನ ಅಂಗೈ ಒದ್ದೆಯಾಗಿತ್ತು. ಮಸಾಯೊ ಶಾಲೆಯಲ್ಲಿ ಕಲಿತ ಚೂರುಪಾರು ಇಂಗ್ಲಿಷನ್ನು ಕೂಡಿಸಿಕೊಂಡಳು. "ನನ್ನ ಹೆಸರು ಮಸಾಯೊ. ನಿಮಗೆ ಯಾವ ಋತು ಇಷ್ಟ?"

"ಶರತ್ಕಾಲ ಇಷ್ಟ ಇಲ್ಲ."

"ಯಾಕೆ?"

ಅವನು ಮೇಜನ್ನು ನೋಡಿದ. ಆಮೇಲೆ ಹೇಳತೊಡಗಿದ. ಎಲ್ಲ ಸಣ್ಣ ಸಣ್ಣ ಪದ, ಅವಳಿಗೂ ತಿಳಿಯುವಂಥವು. ಅವನ ಇಂಗ್ಲಿಷಿನಲ್ಲಿ ಭೂತಕಾಲವಿರಲಿಲ್ಲ. ಎಲ್ಲವೂ ಈಗಲೇ ನಡೆಯುತ್ತಿತ್ತು.

"ನಾನು ಬಸ್ ಓಡಿಸ್ತೀನಿ. ಕೊನೇ ಸ್ಟಾಪ್, ಫೋನ್ ಬರುತ್ತೆ. ಆಸ್ಪತ್ರೆ ಹೇಳುತ್ತೆ, ಹುಡುಗಿ. ಹುಡುಗಿ ಉಸಿರು ಇಲ್ಲ. ನಾನು ಬಸ್ ವಾಪಸ್ ಓಡಿಸ್ತೀನಿ. ದಾರೀಲಿ ನಿಲ್ಲಿಸ್ತೀನಿ. ಭತ್ತ. ಹಳದಿ ಭತ್ತ. ಗಾಳಿ." ಅವನು ಅಂಗೈಯನ್ನು ಮೇಜಿನ ಮೇಲೆ ಅಲೆಯ ಹಾಗೆ ಆಡಿಸಿದ. ಹೋನಾಮಿ ಎಂದರೆ ಅದೇ, ತೆನೆಗಳ ಅಲೆ. "ಬಸ್ಸಲ್ಲಿ ಜನ. ಯಾರೂ ಏನೂ ಕೇಳಲ್ಲ. ನಾನು ಹೆಸರು ಇಡ್ತೀನಿ. ಆಮೇಲೆ ಓಡಿಸ್ತೀನಿ."

"ನನಗೆ," ಎಂದಳು ಮಸಾಯೊ. ಮುಂದಿನ ಪದ ಸಿಗಲಿಲ್ಲ. "ನನಗೆ, ಯಾಕೆ ಇಲ್ಲ?"

"ನಾನು ಆಸ್ಪತ್ರೆ ಬರ್ತೀನಿ. ಹೆಸರು ಇಲ್ಲಿದೆ." ಬಾಯಿ ಮುಟ್ಟಿ ತೋರಿಸಿದ. "ನೀನು ಗೋಡೆ ನೋಡ್ತೀಯ. ನೀನು ಹೇಳ್ತೀಯ, ಮಾತಾಡಬೇಡಿ. ಏನೂ ಮಾತಾಡಬೇಡಿ."

ಒಲೆ ಗುಂಯ್‌ಗುಡುತ್ತಿತ್ತು. ಆಚೆ ಮೇಜಿನಲ್ಲಿ ತೋಫು ಅಂಗಡಿಯವನು ಬಿಯರ್ ಎನ್ನುತ್ತಿದ್ದ. ಆಸ್ಪತ್ರೆಯ ಗೋಡೆಯ ತಿಳಿ ಹಸಿರು ಬಣ್ಣ ಮಸಾಯೊಗೆ ನೆನಪಾಯಿತು. ಅದರ ಮೇಲಿದ್ದ ಬಿರುಕು ನೆನಪಾಯಿತು. ತಾನು ಆಡಿದ ಮಾತು ನೆನಪಿರಲಿಲ್ಲ.

"ನಾನು ಮಾತಾಡಲ್ಲ," ಎಂದ ತತ್ಸುರೋ, ಇಂಗ್ಲಿಷಿನಲ್ಲೇ.

ಮತ್ತೆ ಗಂಟೆ ಬಾರಿಸಿತು. ಇಬ್ಬರೂ ಜಾಗ ಬದಲಾಯಿಸಲಿಲ್ಲ. ಬ್ರಿಜೆಟ್ ಒಂದು ಹೆಜ್ಜೆ ಇತ್ತ ಬಂದವಳು, ಏನನ್ನು ಕಂಡಳೋ, ಹಾಗೇ ತಿರುಗಿ ಹೋಗಿ ಬೋರ್ಡು ಒರೆಸತೊಡಗಿದಳು.

ಹೊರಡುವಾಗ ಮಸಾಯೊ ಕುವಾಬಾರಳ ಬಳಿ ನಿಂತು, "ನಾಳೆ ಬನ್ನಿ. ಅದನ್ನ ಸರಿಮಾಡ್ತೀನಿ," ಎಂದಳು.

"ಮದುವೆ ಮುಗೀತು," ಎಂದಳು ಕುವಾಬಾರ. ಆಮೇಲೆ ಟೋಪಿಯ ಕೆಳಗಿಂದ ನಕ್ಕಳು. "ಬರ್ತೀನಿ ಬಿಡಿ."

ಮನೆಯ ದಾರಿಯಲ್ಲಿ ಇನ್ನೂ ಬೆಳಕಿತ್ತು. ಕೊಯ್ಲಾದ ಗದ್ದೆಗಳಲ್ಲಿ ಕೂಳೆಯ ಸಾಲುಗಳ ನಡುವೆ ನೀರು ನಿಂತಿತ್ತು. ತತ್ಸುರೋ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಉತ್ತರದಿಂದ ಆ ವರ್ಷದ ಹಂಸಗಳು ಬಂದಿಳಿದಿದ್ದವು. ಗದ್ದೆಯ ತುಂಬ ಬಿಳಿ ಬಿಳಿ ಬೆನ್ನು. ಕೊಕ್ಕಿನಿಂದ ಕೆಸರು ಕೆದಕಿ ಉದುರಿದ ಕಾಳು ಹುಡುಕುತ್ತಿದ್ದವು.

ಮಸಾಯೊ ಗಾಜು ಇಳಿಸಿದಳು. ತಣ್ಣನೆಯ ಗಾಳಿ ಒಳಗೆ ಬಂತು.

"ಇವತ್ತು ಇಲ್ಲಿ ನೋಡಿದ್ದನ್ನ ಮುಂದಿನ ವಾರ ಅಲ್ಲಿ ಹೇಳ್ಬೇಡಿ," ಎಂದಳು.

"ಹೂಂ."

"ಕುವಾಬಾರಗೂ ಹೇಳ್ಬೇಡಿ."

"ಹೇಳಲ್ಲ ಕಣೆ."

ಅವನು ಎಂಜಿನ್ ಆರಿಸಿದ. ಬಿಳಿ ಹಕ್ಕಿಗಳ ನಡುವೆ ಆ ವರ್ಷ ಹುಟ್ಟಿದ್ದೊಂದು, ಮೈ ಇನ್ನೂ ಬೂದಿ ಬಣ್ಣದ್ದು, ಎರಡು ದೊಡ್ಡವುಗಳ ಹಿಂದೆ ಕೂಳೆಯನ್ನು ದಾಟಿ ದಾಟಿ ಬರುತ್ತಿತ್ತು. ಅವು ನಿಂತಲ್ಲಿ ಅದೂ ನಿಂತು ನೀರಿಗೆ ಕತ್ತು ಬಾಗಿಸಿತು.